ಮೇಜಿನ ಕಾಲ ಕೆಳಗಿನ ಬೆಳ್ಳಿ

ನಮ್ಮ ಮನೆಯ ಊಟದ ಮೇಜಿಗೆ ಒಂದು ಕಾಲು ಗಿಡ್ಡ. ನಮ್ಮ ಯಜಮಾನರು ಲಿಫ್ಟ್ ರಿಪೇರಿಯವರು. ಊರಿನ ಅರ್ಧ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಯಂತ್ರಗಳನ್ನೆಲ್ಲ ಸರಿಮಾಡಿದರು, ಮನೆಯ ಮೇಜಿಗೆ ಮಾತ್ರ ಕೈ ಹಚ್ಚಲಿಲ್ಲ. ಒಂದು ದಿನ ಇನ್ನೂರೈವತ್ತು ಗ್ರಾಂ ತೂಗುವ, ದೊಡ್ಡ ಕಂಪನಿಯ ಮುದ್ರೆ ಇರುವ ಬೆಳ್ಳಿ ಗಟ್ಟಿಯೊಂದನ್ನು ತಂದು, ಪ್ಯಾಕೆಟ್ಟಿನ ಸಮೇತ ಆ ಗಿಡ್ಡ ಕಾಲಿನ ಅಡಿಗೆ ತುರುಕಿದರು. "ಮೇಜೂ ಅಲ್ಲಾಡಲ್ಲ, ಕಳ್ಳನಿಗೂ ಹೊಳೆಯಲ್ಲ" ಎಂದರು.

ಆ ಗಟ್ಟಿಯನ್ನು ಅವರಿಗೆ ಮಾರಿದ್ದು ಜೊತೆಯಲ್ಲಿ ಕೆಲಸಮಾಡುತ್ತಿದ್ದ ಒಬ್ಬ. ಊರು ಬಿಟ್ಟು ಹೊರಟಿದ್ದ, ಅವಸರದಲ್ಲಿದ್ದ. ಅಂಗಡಿಯಲ್ಲಿ ಇಂಥ ಗಟ್ಟಿಗೆ ಬೆಳ್ಳಿಯ ದರದ ಮೇಲೆ ಇನ್ನಷ್ಟು ಹಾಕುತ್ತಾರೆ, ಅದಕ್ಕೆ ಪ್ರೀಮಿಯಂ ಎನ್ನುತ್ತಾರೆ. ಇವರು ಪ್ರೀಮಿಯಂ ಇರಲಿ, ಬೆಳ್ಳಿಯ ದರಕ್ಕಿಂತಲೂ ಕಡಿಮೆಗೆ ಕೊಂಡಿದ್ದರು. ನನ್ನ ಮೈದುನನಿಗೆ ಅಷ್ಟೇ ಸಾಕಾಯಿತು. "ಅಣ್ಣನ ತಲೆಗೆ ಯಾರೋ ಸರಿಯಾಗಿ ಟೋಪಿ ಹಾಕಿದ್ದಾರೆ ಅತ್ತಿಗೆ" ಎಂದು ಊಟಕ್ಕೆ ಬಂದಾಗಲೆಲ್ಲ ಮೇಜಿನಡಿ ಇಣುಕಿ ನಗುತ್ತಿದ್ದ. ಇವರೂ ನಗುತ್ತಿದ್ದರು. ಬಿಚ್ಚಿ ನೋಡೋಣ ಎಂದು ನಾನು ಗೋಗರೆದರೆ, "ಇರಲಿ ಬಿಡು, ನಿಂಗೆ ಒಂದಾದರೂ ಉತ್ತರ ಸಿಗದ ಪ್ರಶ್ನೆ ಬೇಡ್ವಾ" ಎನ್ನುತ್ತಿದ್ದರು. ಮನೆಯಲ್ಲಿ ನನಗಿರುವ ಹೆಸರು ಯಾಕಮ್ಮ. ಯಾಕೆ, ಹೇಗೆ ಎಂದು ಕೇಳದೆ ನನಗೆ ತುತ್ತು ಇಳಿಯುವುದಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು, ಬೆಳ್ಳಿ ಒಂದೇ. ಅದೇ ಕಂಪನಿಯ, ಅಷ್ಟೇ ತೂಕದ ಇನ್ನೊಂದನ್ನು ಕೊಂಡು ಇಬ್ಬರಿಗೂ ಸಮನಾಗಿ ಕೊಡೋಣ ಎಂದುಕೊಂಡೆ. ಫೋನ್ ಮಾಡಿದಾಗ ದೊಡ್ಡವಳು "ಅಪ್ಪಂದು ತಂಗಿಗೇ ಇರಲಿ ಅಮ್ಮ, ನಂಗೆ ಅಂಗಡೀದೇ ಸಾಕು" ಎಂದಳು. ಚಿಕ್ಕವಳಿಗೆ ಮಾಡಿದರೆ, "ಅಕ್ಕ ದೊಡ್ಡೋಳಲ್ವಾ, ಅಪ್ಪಂದು ಅವಳಿಗೇ ಕೊಡು." ಜಗಳಕ್ಕಿಂತ ಈ ಒಳ್ಳೆಯತನ ಚುಚ್ಚಿತು. ಅಪ್ಪ ಮೋಸ ಹೋದ ಎಂದು ಇಬ್ಬರೂ ಚಿಕ್ಕಪ್ಪನ ಮಾತನ್ನೇ ನಂಬಿದ್ದರು. ಸಾಯುವವರೆಗೂ ಒಬ್ಬರಿಗೂ ಮೋಸಮಾಡದವರು, ಸತ್ತ ಮೇಲೆ ಪೆದ್ದರಾಗಿ ಉಳಿಯುವುದೇ? ಬೆಳ್ಳಿಗಿಂತ ನನಗೆ ಅದರದ್ದೇ ಚಿಂತೆ.

ಆದರೂ ಬೆಳ್ಳಿ ಅಂಗಡಿಗೆ ಹೋದಾಗ ಅವರ ಗಟ್ಟಿಯನ್ನು ಒಯ್ಯಲು ಧೈರ್ಯ ಬರಲಿಲ್ಲ. ನಕಲಿ ಎಂದುಬಿಟ್ಟರೆ? ಬರಿಗೈಯಲ್ಲಿ ಹೋಗಿ ಕೂತೆ. ಅಂಗಡಿಯವರು ಮೆಲುಮಾತಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಗಾಜಿನ ಮೇಲೆ ನೀಲಿ ಬಟ್ಟೆ ಹಾಸಿ, ಒಂದೇ ತೂಕದ ಮೂರು ಗಟ್ಟಿ ಇಟ್ಟರು. ಮುದ್ರೆಯೇ ಇಲ್ಲದ್ದು ಒಂದು, ಯಾವುದೋ ಹೊಸ ಹೆಸರಿನದ್ದು ಒಂದು, ಕೊನೆಗೆ ನಮ್ಮ ಮೇಜಿನಡಿ ಇರುವಂಥದ್ದೇ. ಒಂದಕ್ಕಿಂತ ಒಂದಕ್ಕೆ ರೇಟು ಜಾಸ್ತಿ.

"ಬೆಳ್ಳಿ ಅಷ್ಟೇ ಇದೆ. ರೇಟು ಯಾಕೆ ಬೇರೆ?" ಎಂದೆ.

"ಮಾರೋಕೆ ಹೋದಾಗ ಗೊತ್ತಾಗುತ್ತಮ್ಮ. ಮುದ್ರೆ ಇಲ್ದೇ ಇರೋದನ್ನ ಉಜ್ಜಿ, ಪರೀಕ್ಷೆ ಮಾಡಿ, ಅಷ್ಟಿಷ್ಟು ಮುರ್ಕೊಂಡು ಕೊಡ್ತಾರೆ. ಇದಾದ್ರೆ ಪ್ಯಾಕೆಟ್ ನೋಡ್ತಾರೆ, ಗಟ್ಟಿ ಮೇಲಿನ ನಂಬರ್ ನೋಡ್ತಾರೆ, ದುಡ್ಡು ಎಣಿಸ್ತಾರೆ."

"ಪ್ಯಾಕೆಟ್ ಬಿಚ್ಚಿದ್ರೆ?"

"ಬಿಚ್ಚಿದ್ರೆ ಇದೂ ಅದೂ ಒಂದೇ. ಮೇಲೆ ಕೊಟ್ಟ ದುಡ್ಡು ನೀರಲ್ಲಿ ಹೋಮ."

"ಒಳಗಿರೋದು ಬೆಳ್ಳೀನೇ ಅಂತ ಗೊತ್ತಾಗ್ಬೇಕಾದ್ರೆ ಬಿಚ್ಚಬೇಕು. ಬಿಚ್ಚಿದ್ರೆ ಬೆಲೆ ಹೋಯ್ತು. ಹಾಗಾದ್ರೆ ನೀವು ಹೇಗೆ ನೋಡ್ತೀರಿ?"

ಅವರು ಕನ್ನಡಕ ಮೇಲಕ್ಕೆ ತಳ್ಳಿ ನನ್ನನ್ನು ನೋಡಿದರು. ಗಿರಾಕಿಗಳು ಇಷ್ಟು ಕೇಳುವುದಿಲ್ಲ ಎಂದು ಕಾಣುತ್ತದೆ. ಆದರೂ ಬೇಸರಿಸದೆ ತೋರಿಸಿದರು. ಪ್ಯಾಕೆಟ್ ಸಮೇತ ತಕ್ಕಡಿಗಿಟ್ಟು ಪ್ಯಾಕೆಟ್ಟಿನ ತೂಕ ಕಳೆದರು. ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರು, ಹಸಿರು ಗುರುತು ಬಂತು. ಮೂರು ಪರೀಕ್ಷೆಗೂ ತಲೆದೂಗಿ, "ನಾನು ಈವರೆಗೆ ಒಂದನ್ನೂ ಬಿಚ್ಚಿಲ್ಲಮ್ಮ" ಎಂದರು, ಹೆಮ್ಮೆಯಿಂದಲೇ. ನಾನು ಪ್ರೀಮಿಯಂ ತೆತ್ತು ಆ ಗಟ್ಟಿಯನ್ನೇ ಕೊಂಡೆ. ಹೊರಡುವಾಗ ಅದರ ಬೆನ್ನಿಗೆ ತಮ್ಮ ಅಂಗಡಿಯ ಚಿಕ್ಕ ಚೀಟಿ ಅಂಟಿಸಿ ಕೊಟ್ಟರು.

ಮನೆಗೆ ಬಂದವಳು ಸುಮ್ಮನೆ ಬೀರುವಿನಲ್ಲಿಡಬಹುದಿತ್ತು. ಯಾಕಮ್ಮನ ಕೈ ಸುಮ್ಮನಿರಬೇಕಲ್ಲ. ಎರಡೂ ಒಂದೇ ಕಂಪನಿ, ಒಂದೇ ತೂಕ, ಒಂದೇ ಅಳತೆ. ಹಾಗಾದರೆ ಮೇಜಿಗೂ ಎರಡೂ ಒಂದೇ ಆಗಬೇಕು. ಮೇಜನ್ನು ಮಂಡಿಯಿಂದ ಎತ್ತಿಹಿಡಿದು, ಅವರ ಗಟ್ಟಿಯನ್ನು ಎಳೆದು ಅದೇ ಜಾಗಕ್ಕೆ ಹೊಸದನ್ನು ಸರಿಸಿದೆ. ಮೊಣಕೈ ಊರಿದೆ. ಮೇಜು ಟಕ್ ಎಂದಿತು.

ಇನ್ನೊಮ್ಮೆ ಊರಿದೆ. ಟಕ್. ಹಳೆಯದನ್ನು ಇಟ್ಟೆ, ಬಂಡೆಯ ಹಾಗೆ ನಿಂತಿತು. ಹೊಸದನ್ನು ಇಟ್ಟೆ, ಮತ್ತೆ ಟಕ್. ಲೋಟದಲ್ಲಿದ್ದ ಚಹಾ ತುಳುಕಿ ಮೇಜಿನ ಮೇಲೆ ಹರಿಯಿತು, ಒರೆಸಲು ಎದ್ದೇಳಲಿಲ್ಲ. ಅಂಗಡಿಯದಕ್ಕೆ ಮುದ್ರೆ ಇದೆ, ಹಸಿರು ಗುರುತು ಬಂದಿದೆ. ಅದರ ಹಾಗಿಲ್ಲದ ಇನ್ನೊಂದು ಏನಾಗಿರಬೇಕು? ಮೈದುನ ಹೇಳಿದ್ದೇ ನಿಜ ಎಂದುಕೊಂಡೆ. ಅವರ ಮೇಲೆ ಸಿಟ್ಟು ಬಂತು, ಆಮೇಲೆ ಅಯ್ಯೋ ಪಾಪ ಎನಿಸಿತು, ಆಮೇಲೆ ಅವರಿಗೆ ಅಯ್ಯೋ ಪಾಪ ಎಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆದರೆ ಅನುಮಾನ ಇಟ್ಟುಕೊಂಡು ಬದುಕುವ ಜಾಯಮಾನ ನನ್ನದಲ್ಲ. ಮಾರನೆಯ ದಿನ ಎರಡನ್ನೂ ಒಂದೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟೆ. ಕರೆಯದಿದ್ದರೂ ಮೈದುನ ಜೊತೆಗೆ ಬಂದ. "ಈಗಾದ್ರೂ ಇತ್ಯರ್ಥ ಆಗ್ಲಿ ಅತ್ತಿಗೆ" ಎಂದ. ಬಸ್ಸಿನಲ್ಲಿ ನಾನು ಅವನ ಜೊತೆ ಮಾತನಾಡಲಿಲ್ಲ.

ಅಂಗಡಿಯವರು ಮೇಜಿನ ಕಥೆ ಕೇಳಿ ಮೊದಲು ನಕ್ಕರು. "ಬೆಳ್ಳಿ ಪರೀಕ್ಷೆಗೆ ಊಟದ ಮೇಜು ಅಂತ ಇವತ್ತೇ ಕೇಳಿದ್ದು." ಎರಡನ್ನೂ ಮುಖ ಮೇಲಾಗಿಟ್ಟು ತೂಗಿದರು. ತೂಕ ಒಂದೇ. ನಂಬರ್ ಹಾಕಿದರು, ಎರಡಕ್ಕೂ ಹಸಿರು. ಮೈದುನನ ಮುಖ ಸ್ವಲ್ಪ ಸಪ್ಪಗಾಯಿತು.

"ನಂಬರ್ ಸರಿ ಇದ್ರೆ ಸರಿ ಅಲ್ವಾ?" ಎಂದೆ ಆಸೆಯಿಂದ.

"ಅಸಲಿ ಗಟ್ಟಿ ಮೇಲಿನ ನಂಬರನ್ನೇ ನಕಲಿ ಮೇಲೂ ಒತ್ತಬಹುದಮ್ಮ. ಸೈಟು ನಂಬರ್ ಇದೆ ಅನ್ನುತ್ತೆ, ನಿಮ್ಮ ಕೈಲಿರೋದು ಅದೇನಾ ಅಂತ ಹೇಳಲ್ಲ."

ಆಮೇಲೆ ಅವರು ಡ್ರಾಯರಿನ ಹಿಂಬದಿಯಿಂದ ಕ್ಯಾಲಿಪರ್ ತೆಗೆದರು, ಇಕ್ಕಳದ ಹಾಗೆ ಹಿಡಿದು ದಪ್ಪ ಅಳೆಯುವ ಸಾಧನ. ಎಷ್ಟು ದಿನದಿಂದ ಒಳಗಿತ್ತೋ, ಧೂಳು ಊದಿದರು. ಒಂದನ್ನು ಅಳೆದರು, ಇನ್ನೊಂದನ್ನು ಅಳೆದರು, ಮತ್ತೆ ಮೊದಲನೆಯದನ್ನು ಅಳೆದರು. ನಗು ಮಾಯವಾಯಿತು.

"ಉದ್ದ ಅಗಲ ಒಂದೇ, ತೂಕ ಒಂದೇ. ಒಂದು ಮಾತ್ರ ದಪ್ಪ. ಬೆಳ್ಳಿ ಭಾರದ ಲೋಹ, ಸಣ್ಣ ಜಾಗದಲ್ಲೇ ಅಷ್ಟು ತೂಗುತ್ತೆ. ತಾಮ್ರ ಅಷ್ಟೇ ತೂಗ್ಬೇಕಂದ್ರೆ ಜಾಸ್ತಿ ತುಂಬಬೇಕು." ನನ್ನ ಕಡೆ ನೋಡದೆ, ದನಿ ತಗ್ಗಿಸಿ ಹೇಳಿದರು, "ದಪ್ಪ ಇರೋದು ನಕಲಿ ಅಮ್ಮ. ಬೇಜಾರು ಮಾಡ್ಕೋಬೇಡಿ. ಯಜಮಾನ್ರಿಗೆ ಗೊತ್ತಿರೋಕೆ ಸಾಧ್ಯ ಇಲ್ಲ."

ಮೈದುನ ನಿಟ್ಟುಸಿರು ಬಿಟ್ಟ. "ಪಾಪ, ನಮ್ಮಣ್ಣ."

ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಯಾವುದು ದಪ್ಪ?" ಎಂದೆ.

"ಇದು" ಎಂದು ಅವರು ಬಲಗಡೆಯದನ್ನು ಎತ್ತಿ ಬೋರಲಾಗಿ ಮಗುಚಿದರು. ಅದರ ಬೆನ್ನ ಮೇಲೆ ಅವರ ಅಂಗಡಿಯ ಚೀಟಿ ಇತ್ತು.

ನಾನು ಎಡಗಡೆಯದನ್ನು ಮಗುಚಿದೆ. ಪ್ಯಾಕೆಟ್ಟಿನ ರಟ್ಟಿನ ಮೇಲೆ ಮೇಜಿನ ಕಾಲಿನ ದುಂಡನೆಯ ಗುರುತು ಅಚ್ಚೊತ್ತಿದಂತೆ ಕೂತಿತ್ತು. ಅಂಗಡಿಯವರು ಕಂಪನಿಯ ಸೈಟಿನಲ್ಲಿ ಅಳತೆ ಹುಡುಕಿದರು. ನಮ್ಮದರ ದಪ್ಪವೂ ಅಲ್ಲಿ ಬರೆದ ದಪ್ಪವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಆಮೇಲೆ ಆ ಮನುಷ್ಯ ಮಾಡಿದ್ದನ್ನು ನಾನು ಮೆಚ್ಚಿದೆ. ಕತ್ತರಿ ತೆಗೆದುಕೊಂಡು, ತಾವು ಮಾರಿದ ಗಟ್ಟಿಯ ಪ್ಯಾಕೆಟ್ಟನ್ನು ನನ್ನ ಕಣ್ಣೆದುರೇ ಕತ್ತರಿಸಿದರು. ಅಂಚನ್ನು ಅರದಿಂದ ಉಜ್ಜಿದರು. ಬಿಳಿಯ ಅಡಿಯಿಂದ ಕೆಂಪು ತಾಮ್ರ ಇಣುಕಿತು. "ಯಾರೂ ಬಿಚ್ಚಲ್ಲ ಅನ್ನೋ ಧೈರ್ಯದ ಮೇಲೇ ಮಾಡಿದ್ದಾರೆ" ಎಂದರು. ನನಗೂ ಆಗಲೇ ತಿಳಿದದ್ದು. ಪ್ರೀಮಿಯಂ ಎಂದು ನಾನು ತೆತ್ತಿದ್ದು ಪ್ರಶ್ನೆ ಕೇಳುವ ಕಷ್ಟ ತಪ್ಪಿಸಿಕೊಳ್ಳಲು. ಕೇಳದೆ ಇರಲಾರದ ನನ್ನಂಥವಳಿಗೆ ಅದು ದಂಡ.

ಅವರು ಪೆಟ್ಟಿಗೆಯಲ್ಲಿದ್ದ ಗಟ್ಟಿಗಳನ್ನೆಲ್ಲ ಹೊರಗೆಳೆದು ಒಂದೊಂದಾಗಿ ಅಳೆಯತೊಡಗಿದರು. ಅಳತೆ ಸರಿಯಿದ್ದ ಒಂದನ್ನು ನನಗೆ ಬದಲಿ ಕೊಟ್ಟರು. ನಮ್ಮದನ್ನು ಪೂರಾ ಪ್ರೀಮಿಯಂ ಕೊಟ್ಟು ಕೊಳ್ಳುತ್ತೇನೆ ಎಂದೂ ಕೇಳಿದರು, ನಾನು ಕರವಸ್ತ್ರಕ್ಕೆ ಗಂಟು ಹಾಕಿದೆ. ಬಸ್ಸಿನಲ್ಲಿ ಈ ಸಲ ಮಾತನಾಡಬೇಕಾದವನು ಮೈದುನ. ಇಳಿಯುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದು, ಇಳಿಯುವಾಗ, "ಇಷ್ಟು ವರ್ಷ ನಾನು ನಗ್ತಾ ಇದ್ರೆ ಅಣ್ಣನೂ ನಗ್ತಿದ್ನಲ್ಲ ಅತ್ತಿಗೆ" ಎಂದ.

ಸುದ್ದಿ ಕೇಳಿ ದೊಡ್ಡವಳು ಫೋನಿನಲ್ಲೇ ಅತ್ತಳು. ಮೂಗು ಒರೆಸಿಕೊಂಡು, "ಅಮ್ಮ, ಅಪ್ಪಂದು ನಂಗಿರಲಿ" ಎಂದಳು. ಫೋನ್ ಇಡುವಷ್ಟರಲ್ಲಿ ಚಿಕ್ಕವಳದ್ದು ಬಂತು. ಅವಳಿಗೂ ಅಪ್ಪನದ್ದೇ ಬೇಕು.

"ಅದು ಮೇಜಿಂದು ಕಣೇ" ಎಂದೆ. "ನಾನು ಇರೋವರೆಗೂ ಅಲ್ಲೇ ಇರುತ್ತೆ. ಆಮೇಲೆ ಇಬ್ರೂ ಚೀಟಿ ಎತ್ಕೊಳ್ಳಿ."

ಹೊಸ ಗಟ್ಟಿಯನ್ನು ಬೀರುವಿನಲ್ಲಿಟ್ಟು, ಅವರದ್ದನ್ನು ಹಳೆಯ ಗುರುತಿಗೆ ಸರಿಯಾಗಿ ಕಾಲ ಕೆಳಗೆ ಸರಿಸಿದೆ. ಒಂದು ಲೋಟ ಚಹಾ ಅಂಚಿನ ತನಕ ತುಂಬಿಸಿ ಮೇಜಿನ ಮೇಲಿಟ್ಟೆ. ಎದುರಿನ ಅವರ ಕುರ್ಚಿ ಖಾಲಿ ಇತ್ತು. ಎರಡೂ ಮೊಣಕೈ ಊರಿ, ನನ್ನ ಭಾರವನ್ನೆಲ್ಲ ಬಿಟ್ಟೆ. ಒಂದು ಹನಿಯೂ ತುಳುಕಲಿಲ್ಲ.