ಕೋರೆಹಲ್ಲಿನ ಗಾಯ

ಖಡ್ಗಮೃಗದ ಬಗ್ಗೆ ಉಪನ್ಯಾಸ, ಅಮೆರಿಕದ ಗ್ಲೆಂಡೇಲ್ ಹೈಟ್ಸ್ ಲೈಬ್ರರಿಯಲ್ಲಿ, ಭಾನುವಾರ. ಈಮೇಲ್ ಬಂದಾಗ ಬದ್ರುನ್ನೀಸಾ ಭಾಷಣಕಾರರ ಹೆಸರನ್ನು ಮೂರು ಸಲ ಓದಿದಳು. ಪ್ರೊಫೆಸರ್ ವೆಂಕಟರಾಮು. ಮೈಸೂರಿನಲ್ಲಿ ಅವಳ ಸಂಶೋಧನೆಗೆ ಗೈಡ್ ಆಗಿದ್ದವರು. ಎರಡು ಚಳಿಗಾಲ ಕಾಜಿರಂಗದಲ್ಲಿ ಆನೆಯ ಮೇಲೆ ಕೂತು, ಆಳೆತ್ತರದ ಹುಲ್ಲಿನಲ್ಲಿ ಹುಡುಕಿ, ಸತ್ತ ಖಡ್ಗಮೃಗಗಳ ಗಾಯ ಅಳೆದವಳು ಅವಳು. ಆ ಗಾಯಗಳ ಬಗ್ಗೆ ಅವಳೇ ಬರೆದ ಪುಸ್ತಕದ ಮೇಲೆ ಬಂದದ್ದು ಅವರ ಹೆಸರು ಮಾತ್ರ. ಕೇಳಿದ್ದಕ್ಕೆ, "ಮದುವೆಯಾಗಿ ಅಮೆರಿಕಕ್ಕೆ ಹೊರಟವಳಿಗೆ ಯಾಕಮ್ಮ ಹೆಸರು?" ಅಂದಿದ್ದರು. ಹತ್ತು ವರ್ಷ ಆ ಕೆಂಡ ಆರದ ಹಾಗೆ ಅವಳು ನೋಡಿಕೊಂಡಿದ್ದಳು.

ತಮ್ಮ ಊರು ಬೋಲಿಂಗ್‌ಬ್ರೂಕ್‌ನಿಂದ ಕಾರಿನಲ್ಲಿ ಬರುವಾಗ ಗಂಡ ಖಾದರ್ ಅಂದ, "ದಾರಿಯುದ್ದ ತುಟಿ ಕಚ್ಕೊಂಡೇ ಇದೀಯ. ವಾಪಸ್ ಹೋಗೋಣ್ವಾ?"

"ಬೇಡ. ಬಾಗಿಲ ಹತ್ರ ಕೂತ್ಕೊಳ್ಳೋಣ."

ಲೈಬ್ರರಿಯ ಪರದೆಯ ಮೇಲೆ ತೊಡೆ ಸೀಳಿಹೋದ ಗಂಡು ಖಡ್ಗಮೃಗವೊಂದರ ಚಿತ್ರ ಬಂತು.

"ಎರಡು ಗಂಡು ಕಾದಾಡಿದಾಗ ಕೊಂಬು ಹೀಗೆ ಸೀಳತ್ತೆ," ಅಂದರು ವೆಂಕಟರಾಮು. "ನಾನೇ ಕಣ್ಣಾರೆ ಕಂಡಿದೀನಿ."

ಬದ್ರುನ್ನೀಸಾ ಎದ್ದಳು.

"ಸರ್, ಒಂಟಿಕೊಂಬಿನವು ಸೀಳೋದು ಕೊಂಬಿನಿಂದಲ್ಲ, ಕೆಳದವಡೆಯ ಕೋರೆಹಲ್ಲಿನಿಂದ. ಅಂಚು ನೋಡಿ, ಬ್ಲೇಡ್ ಎಳೆದ ಹಾಗಿದೆ. ಹಲ್ಲಿನ ಗಾಯ ಯಾವುದು, ಕಳ್ಳಬೇಟೆಯವರದ್ದು ಯಾವುದು ಅಂತ ಫಾರೆಸ್ಟ್ ಗಾರ್ಡ್‌ಗಳಿಗೆ ಗೊತ್ತಾಗಲಿ ಅಂತಲೇ ಅಲ್ವಾ ಆ ಪುಸ್ತಕ? ಮೂರನೇ ಅಧ್ಯಾಯ."

"ಮೂರನೇ..."

"ಓದಿಲ್ವಾ ಸರ್?"

ಮುಂದಿನ ಸಾಲಿನ ಕೃಷ್ಣಮೂರ್ತಿ ಅಂಕಲ್ ತಿರುಗಿ ನಕ್ಕರು. "ಬರೆದೋರು ಓದ್ಲೇಬೇಕು ಅಂತ ರೂಲ್ ಇದ್ಯೇನಮ್ಮ?"

"ಬರೆದೋಳು ಓದಿದೀನಿ ಅಂಕಲ್. ಆ ಫೋಟೋ ತೆಗೆದೋಳೂ ನಾನೇ. ನೆಗೆಟಿವ್ ನನ್ನ ಹತ್ರಾನೇ ಇದೆ."

ವೆಂಕಟರಾಮು ಮುಂದಿನ ಸ್ಲೈಡ್ ಹಾಕಿದರು. ಅದನ್ನು ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಬದ್ರುನ್ನೀಸಾಳ ಮೇಲಿತ್ತು.

ಪಾರ್ಕಿಂಗ್ ಲಾಟ್‌ನಲ್ಲಿ ಅವರು ಅವಳ ಹಿಂದೆಯೇ ಬಂದರು. "ಬದ್ರು, ಪಬ್ಲಿಷರ್‌ಗೆ ಏನೂ ಬರೀಬೇಡಮ್ಮ. ಮುಂದಿನ ಎಡಿಷನ್‌ನಲ್ಲಿ ನನ್ನ ಹೆಸರಿನ ಜೊತೆ ನಿನ್ನದೂ ಹಾಕಿಸ್ತೀನಿ."

ಆ ಮುಖದ ಬೆವರನ್ನು ಅವಳು ಸಾವಕಾಶವಾಗಿ ನೋಡಿದಳು.

"ಜೊತೆಗೆ ಬೇಡ ಸರ್. ನಿಮ್ಮದನ್ನ ತೆಗೆಸಿ, ಆ ಜಾಗದಲ್ಲಿ ಹಾಕ್ಸಿ. ಪತ್ರ ನೀವೇ ಬರೆದ್ರೆ ತಪ್ಪಾಯ್ತು ಅಂತ ಬರೀಬಹುದು. ನಾನು ಬರೆದ್ರೆ ಕದ್ದರು ಅಂತಲೇ ಬರೀಬೇಕಾಗತ್ತೆ."

ಚೀಲದಿಂದ ಹಾಳೆ, ಪೆನ್ನು ತೆಗೆದು ಕಾರಿನ ಬಾನೆಟ್ ಮೇಲಿಟ್ಟಳು. ಖಾದರ್ ಆಗಲೇ ಕಾರ್ ಸ್ಟಾರ್ಟ್ ಮಾಡಿದ್ದ.

"ಆಫ್ ಮಾಡಿ," ಅಂದಳು. "ಸರ್ ಬರೆಯೋವಾಗ ಕೈ ಅಲ್ಲಾಡಬಾರದು."