ಎಮ್ಮೆಗೆ ದಾರಿಯಿಲ್ಲದ ಕೆರೆ

ಹೊಲಕ್ಕೆ ನಡೆದು, ನೀರಿಗೆ ನಡೆದು, ಮೇವಿಗೆ ನಡೆದು ಕಾಲು ಸೋತ ಜನಕ್ಕೆ ಕಂಪನಿಯವರು ವಾಕಿಂಗ್ ಹಾದಿ ಮಾಡಿಸಿಕೊಟ್ಟಿದ್ದರು. ಜಗಳೂರಿನಿಂದ ಸೊಕ್ಕೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು ಅದು. ಕೆರೆ ಏರಿಯ ಮೇಲೆ ಕೆಂಪು ಕಲ್ಲುಹಾಸು, ಬೆಂಚುಗಳು, ಬೆಂಚಿನ ಬೆನ್ನಿಗೆಲ್ಲ ಕಂಪನಿಯ ಹೆಸರು. ಸುತ್ತ ತಂತಿಬೇಲಿ, ಅದಕ್ಕೆ ಒಂದೇ ಗೇಟು. ಗೇಟಿನ ಬೋರ್ಡಿನಲ್ಲಿ ‘ಗ್ರಾಮ ಪಂಚಾಯಿತಿ ಸಹಯೋಗದೊಂದಿಗೆ’ ಎಂದು ದಪ್ಪಗೆ ಬರೆದು, ಕೆಳಗೆ ದನಕರುಗಳಿಗೆ ಪ್ರವೇಶವಿಲ್ಲ, ಬಟ್ಟೆ ಒಗೆಯುವಂತಿಲ್ಲ ಎಂದಿತ್ತು.

ಆ ಪಂಚಾಯಿತಿಗೆ ಅಧ್ಯಕ್ಷೆ ಹುಲಿಗೆಮ್ಮ. ಕಂಪನಿಯವರ ಜೊತೆ ಕೂತು ಮಾತಾಡಿ, ಎಲ್ಲದಕ್ಕೂ ಹೂಂ ಅಂದು ಬಂದವನು ಮಾತ್ರ ಅವಳ ಗಂಡ ನಿಂಗರಾಜ.

ಉದ್ಘಾಟನೆಯ ಬೆಳಗ್ಗೆ ಎಮ್ಮೆ ಸಾಕಿ ಡೇರಿಗೆ ಹಾಲು ಹಾಕುವ ದುರುಗಕ್ಕ ಬಾಗಿಲಿಗೇ ಬಂದಳು.

“ಏನವ್ವಾ ಅಧ್ಯಕ್ಷೆಮ್ಮ, ನನ್ನ ಎಮ್ಮೆಗಳಿಗೂ ಬೂಟು ಕೊಡಿಸಿಬಿಡು. ವಾಕಿಂಗ್ ಬಂದ್ವು ಅಂದ್ಕೊಂಡಾದ್ರೂ ಒಳಗೆ ಬಿಡ್ತಾರೇನೋ. ಕೊಡದಾಗೆ ನೀರು ಹೊತ್ತು ಹೊತ್ತು ನನ್ನ ನಡ ಬಿದ್ದೋಯ್ತು. ಹಿಂಗಾದ್ರೆ ಎಮ್ಮೆ ಮಾರಾದೇಯ.”

ಹುಲಿಗೆಮ್ಮನಿಗೆ ಮುಖ ಎತ್ತಲಾಗಲಿಲ್ಲ. ಒಳಗೆ ಬಂದು ಗಂಡನನ್ನು ಕೇಳಿದಳು: “ದನಕ್ಕೆ ದಾರಿ ಬಿಡ್ಬೇಕು ಅಂತ ಒಂದು ಮಾತು ಹೇಳಾಕೆ ಆಗ್ಲಿಲ್ವೇನ್ರಿ?”

“ಬಿಟ್ಟಿ ಮಾಡಿಕೊಡೋರಿಗೆ ಷರತ್ತು ಹಾಕ್ತಾರೇನೆ? ನೀನು ಹೋಗಿ ರಿಬ್ಬನ್ ಕಟ್ ಮಾಡು, ನಗ್ತಾ ನಿಂತ್ಕೊ, ಸಾಕು.”

ಶಾಮಿಯಾನದಲ್ಲಿ ಕಂಪನಿಯ ಸಾಹೇಬರು ಸಾಮಾಜಿಕ ಹೊಣೆಗಾರಿಕೆ ಎಂದು ಬಹಳ ಹೊತ್ತು ಮಾತಾಡಿದರು. ಗ್ರಾಮಸ್ಥರ ಆಸೆಯಂತೆಯೇ ಎಲ್ಲವೂ ಆಗಿದೆ ಎಂದಾಗ ಹುಲಿಗೆಮ್ಮನ ಮೈ ಉರಿಯಿತು. ಯಾವ ಗ್ರಾಮಸ್ಥರು? ಯಾರನ್ನು ಕೇಳಿದರು? ಹೆಸರು ನನ್ನದು, ಪಂಚಾಯಿತಿ ಊರಿನದು, ಹೂಂಗುಟ್ಟಿದವನು ಇವನೊಬ್ಬ!

ತಟ್ಟೆಯಲ್ಲಿ ಕತ್ತರಿ ಬಂತು. ಅವಳು ಅದನ್ನು ಎತ್ತಿಕೊಂಡು, ಗೇಟಿಗೆ ಕಟ್ಟಿದ್ದ ರಿಬ್ಬನ್ ಬಿಟ್ಟು, ಬೇಲಿಯ ಹೊರಗಿನಿಂದಲೇ ಹಿಂಬದಿಗೆ ನಡೆದಳು. ಫೋಟೋದವನು, ಸಾಹೇಬರು, ಊರು, ಎಲ್ಲರೂ ಏನೋ ಕಾರ್ಯಕ್ರಮವಿರಬೇಕೆಂದು ಹಿಂದೆಯೇ ಬಂದರು. ದನಗಳು ಇಳಿದು ಇಳಿದು ಸವೆದ ಇಳಿಜಾರಿನಲ್ಲಿ ನಿಂತು ಕತ್ತರಿಯನ್ನು ತಂತಿಗೆ ಹಾಕಿದಳು. ಅದು ಜಾರಿತು. ಮತ್ತೆ ಹಾಕಿದಳು.

“ರಿಬ್ಬನ್ನು ಅಲ್ಲಿ ಮೇಡಂ,” ಎಂದರು ಸಾಹೇಬರು.

“ನಮ್ಮೂರ ದಾರಿ ಇಲ್ಲಿ ಐತ್ರಿ ಸಾಹೇಬ್ರೆ. ಈ ಕತ್ತರಿಗೆ ಇದು ಬಗ್ಗಾಕಿಲ್ಲ, ತಂತಿ ಕತ್ತರಿಸಾದು ತರಿಸ್ರಿ.”

ನಿಂಗರಾಜ ಹಲ್ಲು ಕಡಿದ. “ಮರ್ಯಾದೆ ತೆಗೀಬೇಡ, ಬಾರೆ!”

“ಮರ್ಯಾದೆ ಹೋಗಿದ್ದು ನನ್ನ ಹೆಸರಲ್ಲಿ ನೀವು ಹೂಂ ಅಂದ ದಿನ. ಹುದ್ದೆ ಬೇಕಿದ್ರೆ ಮುಂದಿನ್ಸಲ ನೀವೇ ಸೀರೆ ಉಟ್ಕೊಂಡು ನಿಲ್ರಿ!”

ಹೆಂಗಸರು ಗೊಳ್ಳೆಂದರು. ಹುಲಿಗೆಮ್ಮ ರೇಷ್ಮೆ ಸೀರೆಯಲ್ಲೇ ಮಣ್ಣಿನ ಮೇಲೆ ಕೂತಳು. ದುರುಗಕ್ಕ ಪಕ್ಕಕ್ಕೆ ಬಂದು ಕೂತಳು, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ. ಬಿಸಿಲು ಏರಿತು. ಬೆವರು ಒರೆಸಿಕೊಂಡ ಸಾಹೇಬರು ಒಂದೆರಡು ಫೋನು ಮಾಡಿ, ಕೊನೆಗೆ ಗುತ್ತಿಗೆದಾರನಿಗೆ ಕೈಸನ್ನೆ ಮಾಡಿದರು. ಅವನ ಆಳು ಕಟ್ಟರ್ ತಂದು, ಒಬ್ಬ ಮನುಷ್ಯ ನುಸುಳುವಷ್ಟು ತಂತಿ ಬಿಡಿಸಿ, ಸಾಕೇ ಎಂಬಂತೆ ತಿರುಗಿ ನೋಡಿದ.

“ಇನ್ನೂ ಅಗಲ ಮಾಡಪ್ಪ,” ಎಂದಳು ಹುಲಿಗೆಮ್ಮ, ಕೂತಲ್ಲಿಂದಲೇ. “ಎಮ್ಮೆ ಜೋಡಿಯಾಗಿ ಬರ್ತಾವೆ.”