ಒಂಬತ್ತು ಪ್ರಾರ್ಥನೆಯ ಮೊಟ್ಟೆ

ಮಾರ್ಲಿಸ್ ತೀರಿಕೊಂಡು ಏಳು ತಿಂಗಳಾಗಿತ್ತು. ಅವಳ ಕಾರಿನ ಸೀಟನ್ನು ಕುಳ್ಳಗಿದ್ದ ಅವಳು ಮುಂದಕ್ಕೆಳೆದು ಇಟ್ಟಿದ್ದ ಜಾಗದಿಂದ ಒಂದು ಬೆರಳಷ್ಟೂ ಸರಿಸಲು ಅವಳ ಗಂಡ ಎಲ್ರಾಯ್ ಯಾರಿಗೂ ಬಿಟ್ಟಿರಲಿಲ್ಲ. ಈಗ ಆ ಕಾರೇ ಏದುಸಿರು ಬಿಡತೊಡಗಿತ್ತು. ಗೇರ್‌ಬಾಕ್ಸಿನ ಎಣ್ಣೆ ಮಿತಿಮೀರಿ ಕಾಯುತ್ತಿದೆ, ಅದನ್ನು ತಣಿಸುವ ಕೂಲರ್ ಕಟ್ಟಿಕೊಂಡಿರಬಹುದು ಎಂದು ಮೆಕ್ಯಾನಿಕ್ ಹೇಳಿದ. ಪರೀಕ್ಷೆಯನ್ನೂ ತಿಳಿಸಿದ. ಕೂಲರಿನಿಂದ ಎಣ್ಣೆ ಹಿಂತಿರುಗುವ ಕೊಳವೆಯನ್ನು ಬಿಚ್ಚಿ ಜಗ್ಗಿಗೆ ಇಳಿಬಿಟ್ಟು, ಎಂಜಿನ್ ಇಪ್ಪತ್ತು ಸೆಕೆಂಡು ಓಡಿಸಬೇಕು. ಎಣ್ಣೆ ಜಗ್ಗಿನ ಒಂದು ಲೀಟರಿನ ಗೆರೆ ಮುಟ್ಟಿದರೆ ಕೂಲರ್ ಸರಿ, ಹಳೆ ಎಣ್ಣೆ ಬದಲಾಯಿಸಿದರೆ ಸಾಕು. ಮುಟ್ಟದಿದ್ದರೆ ಕೂಲರ್ ಕಟ್ಟಿದೆ, ಆ ಕಾವಿಗೆ ಗೇರ್‌ಬಾಕ್ಸೂ ಒಳಗೇ ಸವೆದಿರುತ್ತದೆ, ಕಾರಿಗೆ ಗುಜರಿಯೇ ಗತಿ.

ನೆರವಿಗೆ ಪಕ್ಕದ ಮನೆಯ ಲಿಯೋ ಬಂದ. ಎಲ್ರಾಯ್ ಲೂಥರನ್ ಚರ್ಚಿನವನು, ಲಿಯೋ ಕ್ಯಾಥೋಲಿಕ್; ನಲವತ್ತು ವರ್ಷದ ಸ್ನೇಹಕ್ಕೆ ಅದೊಂದು ತೊಡಕಾಗಿರಲಿಲ್ಲ. ಇಬ್ಬರ ಗಡಿಯಾರಕ್ಕೂ ಸೆಕೆಂಡಿನ ಮುಳ್ಳಿರಲಿಲ್ಲ. ಅದರ ಚಿಂತೆಯೂ ಇರಲಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಗೆ ಸರಿಯಾಗಿ ಇಪ್ಪತ್ತು ಸೆಕೆಂಡು ಎಂಬುದು ಮಾರ್ಲಿಸಳ ಲೆಕ್ಕ. ಒಂಬತ್ತು ಸಲ ಹೇಳಿ ಮುಗಿಸುವಷ್ಟರಲ್ಲಿ ಅವಳ ಮೊಟ್ಟೆ ಹದವಾಗಿ ಬೆಂದಿರುತ್ತಿತ್ತು. ಆ ವಿದ್ಯೆಯನ್ನು ಬೀದಿಗೆಲ್ಲ ಕಲಿಸಿದ್ದಳು.

ಉದ್ದನೆಯ ಲಿಯೋ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಸೀಟಿನಲ್ಲಿ ಕುಳಿತ. ಎಂಜಿನ್ ಹಚ್ಚಿ ಪ್ರಾರ್ಥನೆ ಹೇಳಿದ, ಆಮೆನ್ ಎಂದು ಆರಿಸಿದ. ಎಣ್ಣೆ ಗೆರೆಗಿಂತ ಮೂರು ಬೆರಳು ಕೆಳಗೇ ನಿಂತಿತ್ತು.

ಎಲ್ರಾಯ್ ಜಗ್ಗನ್ನೇ ನೋಡುತ್ತ ನಿಂತ. ಅವಳನ್ನು ಎರಡನೆಯ ಸಲ ಮಣ್ಣಿಗೆ ಕೊಟ್ಟಂತಾಯಿತು. ಸಮಾಧಾನ ಮಾಡಲು ಬಂದ ಲಿಯೋ, ಮಾರ್ಲಿಸಳ ಲೆಕ್ಕವನ್ನು ನಂಬಿದ್ದೇ ತಪ್ಪಿರಬೇಕು, ಅವಳು ಕಲಿಸಿದಂತೆ ಬೇಯಿಸಿದ ತನ್ನ ಮೊಟ್ಟೆ ಇಷ್ಟು ವರ್ಷವಾದರೂ ಒಂದು ದಿನವೂ ಗಟ್ಟಿಯಾಗಿಲ್ಲ ಎಂದ.

ಎಲ್ರಾಯ್ ತಲೆ ಎತ್ತಿದ. "ಪ್ರಾರ್ಥನೆ ಎಲ್ಲಿಗೆ ಮುಗಿಸ್ತೀಯೋ ನೀನು?"

"'ಕೇಡಿನಿಂದ ನಮ್ಮನ್ನು ತಪ್ಪಿಸು, ಆಮೆನ್.' ಇನ್ನೆಲ್ಲಿಗೆ?"

"'ರಾಜ್ಯವೂ ಬಲವೂ ಮಹಿಮೆಯೂ' ಅನ್ನೋದು?"

"ಅದು ನಿಮ್ಮವರ ಬಾಲ ಕಣಯ್ಯ. ನಾವು ಅಲ್ಲಿಗೇ ನಿಲ್ಲಿಸ್ತೀವಿ."

"ಹಾಗಾದ್ರೆ ನಲವತ್ತು ವರ್ಷದಿಂದ ಹಸಿ ಮೊಟ್ಟೆ ತಿಂದಿದ್ದೀಯ, ಮಾರಾಯ."

ಹೊರಬಂದಷ್ಟು ಹೊಸ ಎಣ್ಣೆ ತುಂಬಿ, ಜಗ್ಗು ಬರಿದುಮಾಡಿ ಮತ್ತೆ ಇಟ್ಟರು. ಬಾಲ ಸೇರಿಸಿ ಹೇಳಲು ಲಿಯೋ ಒಪ್ಪಿದ. ಪಾದ್ರಿಯ ಕಿವಿಗೆ ಬೀಳಬಾರದು ಎಂದು ಮಾತ್ರ ಕೇಳಿಕೊಂಡ. 'ಮಹಿಮೆಯೂ' ಎನ್ನುವಾಗ ಎಣ್ಣೆ ಗೆರೆಯ ಹತ್ತಿರ ಬಂತು. 'ಆಮೆನ್' ಎನ್ನುವಾಗ ಮುಟ್ಟಿತು.

ಎಲ್ರಾಯ್ ಟೋಪಿ ತೆಗೆದು ಅಲ್ಲೇ ಇನ್ನೊಂದು ಆಮೆನ್ ಹೇಳಿದ. ಆಮೇಲೆ ಕೊಳವೆ ಸಿಕ್ಕಿಸಿ ಬಿಗಿದು, ಹೊರಬಂದಷ್ಟು ಹೊಸ ಎಣ್ಣೆ ತುಂಬಿದ.

"ಮಂಡಿ ನೋಯ್ತಿದೆ ಕಣೋ," ಎಂದ ಲಿಯೋ. "ಸೀಟು ಒಂಚೂರು ಹಿಂದೆ ಹಾಕಲಾ?"

"ಇಳಿದುಬಿಡು, ನೋವು ಹೋಗುತ್ತೆ."

ಲಿಯೋ ಇಳಿದು, ಮೊಟ್ಟೆ ಬೇಯಿಸಲು ಮನೆಗೆ ನಡೆದ. ಎಲ್ರಾಯ್ ತಾನೇ ಮಂಡಿ ಮಡಚಿಕೊಂಡು ಆ ಸೀಟಿನಲ್ಲಿ ಕುಳಿತು, ಕಾರನ್ನು ಸ್ಮಶಾನದ ದಾರಿಗೆ ತಿರುಗಿಸಿದ.